ಮೊದಲು ಅವರಿಗೇ ಹೇಳಿ

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರವಿಕೊಂಡು ಕುಳಿತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬರೆದವರ ವಯಸ್ಸು ಬೇರೆ, ಬದುಕು ಬೇರೆ. ಆದರೆ ಐವರು ಕೇಳಿದ್ದು ಒಂದೇ. ನನ್ನನ್ನು ನಂಬಿ ಹೇಳಿದ ಮಾತನ್ನು ನಾನೇನು ಮಾಡಲಿ? 31 ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸ್ ಆಗಿದ್ದವಳಿಗೆ ಈ ಪ್ರಶ್ನೆಯ ಭಾರ ಗೊತ್ತು. ಹೆಂಡತಿಗೆ ಹೇಳದ್ದನ್ನು, ಮಕ್ಕಳಿಗೆ ಹೇಳದ್ದನ್ನು ಜನ ನಡುರಾತ್ರಿ ಡ್ರಿಪ್ ಬದಲಿಸಲು ಬಂದ ನರ್ಸ್ ಎದುರು ಹೇಳಿಬಿಡುತ್ತಾರೆ. ಹಾಗಾಗಿ ಈ ಸಂಚಿಕೆಯ ಪುಟಗಳನ್ನೆಲ್ಲ ಇದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬದಲಿಸಿದ್ದನ್ನು ಒಬ್ಬೊಬ್ಬರಿಗೂ ಓದಿ ಹೇಳಿ, ಒಪ್ಪಿಗೆ ಪಡೆದಿದ್ದೇನೆ.

ಪ್ರಶ್ನೆ: ಸಿಸ್ಟರ್, ನಾನು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ನನ್ನ ಗೆಳೆಯ ತನಗೆ ಬದುಕುವುದೇ ಬೇಡವೆನಿಸುತ್ತದೆ ಎಂದು ನನಗೆ ಹೇಳಿದ. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡ. ಮೊನ್ನೆ ತನ್ನ ಮೆಚ್ಚಿನ ಕೈಗಡಿಯಾರವನ್ನು ಬಿಚ್ಚಿ ನನಗೆ ಕೊಟ್ಟುಬಿಟ್ಟ. ಯಾರಿಗಾದರೂ ಹೇಳಿದರೆ ನಾನು ದ್ರೋಹಿಯಾಗುತ್ತೇನೆಯೇ?

ಉತ್ತರ: ಮಗು, ನಿನ್ನ ಪತ್ರ ಕೈ ಸೇರಿದ ದಿನವೇ ನಾನು ಫೋನ್ ಮಾಡಿದೆ, ಅದು ನಿನಗೆ ಗೊತ್ತು. ಇಂಥ ಪತ್ರ ಅಚ್ಚಾಗುವವರೆಗೆ ಕಾಯುವಂಥದ್ದಲ್ಲ. ಆಣೆಗೆ ಕಟ್ಟುಬಿದ್ದು ಒಳಗೊಳಗೇ ನಡುಗುತ್ತಿರುವ ಇನ್ನೊಂದು ಮಗು ಓದಲಿ ಎಂದು ನಿಮ್ಮಿಬ್ಬರ ಒಪ್ಪಿಗೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ನೀನು ದ್ರೋಹಿಯಲ್ಲ. ಜೀವ ಹೋಗುವ ಭಯ ಇರುವಾಗ ಬಾಯಿ ಕಟ್ಟುವ ಆಣೆಗೆ ಯಾವ ಬೆಲೆಯೂ ಇಲ್ಲ. ಪ್ರೀತಿಯ ವಸ್ತುಗಳನ್ನು ಹೀಗೆ ಕೊಟ್ಟುಬಿಡುವುದನ್ನು ಮನೋವೈದ್ಯರು ಎಚ್ಚರಿಕೆಯ ಗುರುತು ಎನ್ನುತ್ತಾರೆ. ಯಾರೂ ಹೇಳಿಕೊಡದಿದ್ದರೂ ಅದನ್ನು ನೀನು ಗುರುತಿಸಿದೆ. ಆ ದಿನ ನೀನು ಮಾಡಿದ್ದನ್ನು ದೊಡ್ಡವರೂ ಕಲಿಯಬೇಕು. ಅವನ ಬೆನ್ನ ಹಿಂದೆ ಓಡಿಹೋಗಿ ಹೇಳಲಿಲ್ಲ ನೀನು. “ನಾನು ಆಣೆ ಮುರಿಯುತ್ತೇನೆ, ನೀನೂ ಬಾ” ಎಂದು ಕೈ ಹಿಡಿದು ಶಿಕ್ಷಕಿಯ ಬಳಿಗೆ ಕರೆದುಕೊಂಡು ಹೋದೆ. ಅವನು ಬರಲು ಒಪ್ಪದಿದ್ದರೂ ನೀನು ಹೇಳಲೇಬೇಕಿತ್ತು, ಅವನನ್ನು ಒಂಟಿಯಾಗಿ ಬಿಡದೆ ಹೇಳಬೇಕಿತ್ತು. ಮೂರು ದಿನ ಅವನು ನಿನ್ನೊಡನೆ ಮಾತು ಬಿಟ್ಟ ಎಂದು ಫೋನಿನಲ್ಲಿ ಅತ್ತೆಯಲ್ಲ, ಬಿಡಲಿ. ಮಾತು ಬಿಡಲು ಅವನು ಇದ್ದಾನೆ.

ಈ ಉತ್ತರ ಓದುತ್ತಿರುವ ಶಿಕ್ಷಕರಿಗೂ ತಂದೆತಾಯಿಯರಿಗೂ ಒಂದು ಮಾತು. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಬ್ಬ ವಿದ್ಯಾರ್ಥಿ ತಾನು ಒಬ್ಬ ಯುವತಿಯನ್ನು ಕೊಲ್ಲುವುದಾಗಿ ತನ್ನ ಮನಶ್ಶಾಸ್ತ್ರಜ್ಞನಿಗೆ ಹೇಳಿದ. ಆತ ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದ. ಅವರು ವಿದ್ಯಾರ್ಥಿಯನ್ನು ಹಿಡಿದು, ಮಾತನಾಡಿಸಿ ಬಿಟ್ಟುಬಿಟ್ಟರು. ಟಟಿಯಾನಾ ತಾರಾಸಾಫ್ ಎಂಬ ಆ ಯುವತಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಏನೂ ಹೇಳಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಅವಳ ಕೊಲೆಯಾಯಿತು. ಜನರಿಗೆ ಅಪಾಯ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಗೋಪ್ಯತೆಯ ರಕ್ಷಣೆ ಮುಗಿಯುತ್ತದೆ ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು. ಕಲಿತವರೇ ತಡವರಿಸಿದ ಇಂಥ ಕಡೆ ಹದಿನೈದರ ಹುಡುಗ ತಡವರಿಸಿದ್ದರೆ ಆಶ್ಚರ್ಯವಿಲ್ಲ. ಮಗುವೊಂದು ಇಂಥ ಸುದ್ದಿ ತಂದಾಗ “ಮೊದಲೇ ಏಕೆ ಹೇಳಲಿಲ್ಲ” ಎಂದು ಗದರಬೇಡಿ. ಮನಸ್ಸಿನ ಸಂಕಟಕ್ಕೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ನಾನು ಮತ್ತು ನನ್ನ ಗೆಳತಿ 20 ವರ್ಷಗಳಿಂದ ಅಕ್ಕತಂಗಿಯರಂತೆ ಇದ್ದೇವೆ. ಮೂರು ತಿಂಗಳ ಹಿಂದೆ, ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿದೆ ಎಂದು ಅವಳು ನನಗೊಬ್ಬಳಿಗೇ ಹೇಳಿದಳು. ಮಗಳ ಪರೀಕ್ಷೆ ಮುಗಿಯುವವರೆಗೆ ಡಾಕ್ಟರ ಹತ್ತಿರ ಹೋಗುವುದಿಲ್ಲ, ಗಂಡನಿಗಂತೂ ತಿಳಿಯಲೇಬಾರದು ಎಂದು ಮಾತು ತೆಗೆದುಕೊಂಡಳು. ಪರೀಕ್ಷೆ ಮುಗಿದು ತಿಂಗಳಾಯಿತು. ಈಗ ಮಗಳನ್ನು ಕಾಲೇಜಿಗೆ ಸೇರಿಸಬೇಕು ಎನ್ನುತ್ತಾಳೆ. ಅವಳ ಗಂಡ ಒಳ್ಳೆಯವರು. ಅವರು ಎದುರಾದಾಗಲೆಲ್ಲ ಮುಖ ಎತ್ತಿ ನೋಡಲು ನನ್ನಿಂದ ಆಗುತ್ತಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ. ಅವರಿಗೆ ಹೇಳಿಬಿಡಲೇ?

ಉತ್ತರ: ತಂಗಿ, ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ಒಬ್ಬರ ಮುಖ ನೆನಪಾಯಿತು. ಆಗ ನನಗೆ 24 ವರ್ಷ. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾಗಿತ್ತು. ಹೊಟ್ಟೆಯ ಆಪರೇಷನ್‌ಗೆ ದಾಖಲಾಗಿದ್ದ ಸುಮಾರು 55ರ ಗಂಭೀರ ಮನುಷ್ಯರೊಬ್ಬರು ಹಿಂದಿನ ರಾತ್ರಿ ನನ್ನನ್ನು ಹತ್ತಿರ ಕರೆದು, ತಾವು ಹತ್ತು ವರ್ಷಗಳಿಂದ ದಿನವೂ ಕುಡಿಯುತ್ತೇವೆಂದು ಪಿಸುಮಾತಿನಲ್ಲಿ ಹೇಳಿದರು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ದಯವಿಟ್ಟು ನಿಮ್ಮಲ್ಲೇ ಇರಲಿ ಎಂದರು. ನಾನು ತಲೆಯಾಡಿಸಿದೆ.

ಅದು ಮುಚ್ಚಿಡುವಂಥ ಸಂಗತಿಯಾಗಿರಲಿಲ್ಲ. ದಿನವೂ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿ ಕೈಕಾಲು ನಡುಕ, ಬೆವರು, ಕೆಲವರಿಗೆ ಫಿಟ್ಸ್, ಎರಡು ಮೂರನೆಯ ದಿನಕ್ಕೆ ಬುದ್ಧಿಭ್ರಮೆ ಬರಬಹುದು. ಆಪರೇಷನ್ ಆದ ಮೈಗೆ ಅದು ಪ್ರಾಣಾಪಾಯ. ವೈದ್ಯರಿಗೆ ಮೊದಲೇ ತಿಳಿದಿದ್ದರೆ ಔಷಧ ಕೊಟ್ಟು ತಡೆಯಬಹುದು. ಬೆಳಿಗ್ಗೆ ನಾನು ವೈದ್ಯರಿಗೆ ಹೇಳಿದೆ. ಅವರು ರೌಂಡ್ಸ್‌ಗೆ ಬಂದವರು ಹಾಸಿಗೆಯ ಪಕ್ಕ ನಿಂತು, “ದಿನಕ್ಕೆ ಎಷ್ಟು ಕುಡಿಯುತ್ತೀರಿ?” ಎಂದು ಗಟ್ಟಿಯಾಗಿ ಕೇಳಿಬಿಟ್ಟರು. ಹೆಂಡತಿ ಅಲ್ಲೇ ಇದ್ದರು. ಬೆಳೆದ ಮಗಳೂ ಇದ್ದಳು. ಅವರು ಉತ್ತರ ಕೊಡಲಿಲ್ಲ. ತಲೆ ತಿರುಗಿಸಿ ನನ್ನನ್ನು ನೋಡಿದರು. ಆಮೇಲೆ ಹನ್ನೊಂದು ದಿನ ವಾರ್ಡಿನಲ್ಲಿದ್ದರೂ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನೋವು ಎಲ್ಲಿದೆ ಎಂದು ಕೇಳಿದರೂ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಗುಣವಾಗಿ ಮನೆಗೆ ಹೋದರು.

ಎಷ್ಟೋ ವರ್ಷ ನಾನು ಆ ಕಣ್ಣುಗಳೊಡನೆ ವಾದ ಮಾಡಿದ್ದೇನೆ. ಹೇಳದಿದ್ದರೆ ನೀವು ಸಾಯುತ್ತಿದ್ದಿರಲ್ಲ ಎಂದು. ತರಬೇತಿ ಮುಗಿದಾಗ ನಾನೂ ನೈಟಿಂಗೇಲ್ ಹೆಸರಿನ ಪ್ರತಿಜ್ಞೆ ಮಾಡಿದವಳೇ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ರೂಪುಗೊಂಡ ಆ ಪ್ರತಿಜ್ಞೆಯಲ್ಲಿ, ನನ್ನ ವಶಕ್ಕೆ ಬಂದ ಸ್ವಂತ ವಿಷಯಗಳನ್ನು ಗೋಪ್ಯವಾಗಿಡುತ್ತೇನೆ ಎಂಬ ಮಾತಿದೆ. ಅದನ್ನು ಮುರಿದೆನೇ? ನಿಧಾನವಾಗಿ ನನಗೆ ತಿಳಿದದ್ದು ಇಷ್ಟು. ನಾನು ಹೇಳಿದ್ದು ಸರಿ. ಅವರಿಗೆ ಹೇಳದೆ ಹೇಳಿದ್ದು ತಪ್ಪು. ರಾತ್ರಿಯೇ ಅವರ ಬಳಿಗೆ ಮರಳಿ ಹೋಗಿ, “ಇದನ್ನು ಡಾಕ್ಟರಿಗೆ ಹೇಳದೆ ವಿಧಿಯಿಲ್ಲ. ನೀವೇ ಹೇಳುತ್ತೀರೋ, ನಾನು ಹೇಳಲೋ? ಮನೆಯವರಿಲ್ಲದಾಗ ಕೇಳಿ ಎಂದು ಅವರಿಗೆ ತಿಳಿಸುತ್ತೇನೆ” ಎಂದಿದ್ದರೆ ಸಾಕಿತ್ತು. ಎರಡು ನಿಮಿಷದ ಮಾತು. ಅವರು ಸಿಟ್ಟಾಗುತ್ತಿದ್ದರು, ನಿಜ. ಆದರೆ ಹೆಂಡತಿ ಮಗಳ ಎದುರು ಬೆತ್ತಲಾಗುತ್ತಿರಲಿಲ್ಲ. ಅಂದಿನಿಂದ ನಿವೃತ್ತಿಯವರೆಗೆ, “ಸಿಸ್ಟರ್, ಯಾರಿಗೂ ಹೇಳಬೇಡಿ” ಎಂದವರಿಗೆಲ್ಲ ನಾನು ಕೊಟ್ಟ ಮಾತು ಒಂದೇ. “ಹೇಳಲೇಬೇಕಾದ ಸಂದರ್ಭ ಬಂದರೆ ಮೊದಲು ನಿಮಗೇ ಹೇಳುತ್ತೇನೆ.” ಇದನ್ನು ಕೇಳಿ ಸುಮ್ಮನಾದವರು ಕೆಲವರು. ಹೆಚ್ಚಿನವರು ಹೇಳಿದರು.

ಈಗ ನಿಮ್ಮ ಗೆಳತಿಯ ವಿಷಯ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಕೈಯಿಂದ ಮುಟ್ಟಿ ನೋಡಿ ಅದನ್ನು ನಿರ್ಧರಿಸಲು ಅವಳಿಗೂ ಆಗದು, ನನಗೂ ಆಗದು. ವೈದ್ಯರ ಪರೀಕ್ಷೆ, ಸ್ಕ್ಯಾನ್ ಅಥವಾ ಮ್ಯಾಮೊಗ್ರಾಂ, ಬೇಕಾದರೆ ಸೂಜಿ ಹಾಕಿ ಜೀವಕೋಶ ತೆಗೆದು ನೋಡುವುದು, ಇಷ್ಟು ಆಗಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಸ್ತನ ಕ್ಯಾನ್ಸರ್‌ಗಾಗಿ ಹಾಕಿಕೊಂಡಿರುವ ಗುರಿಗಳಲ್ಲಿ, ರೋಗಿ ಮೊದಲ ಬಾರಿ ತೋರಿಸಿಕೊಂಡ 60 ದಿನಗಳೊಳಗೆ ರೋಗ ಯಾವುದೆಂದು ಖಚಿತವಾಗಬೇಕು ಎಂಬುದೂ ಒಂದು. ನಿಮ್ಮ ಗೆಳತಿ ತೋರಿಸಿಕೊಳ್ಳುವ ಮೊದಲೇ 90 ದಿನ ಕಳೆದಿದ್ದಾಳೆ. ಇದನ್ನು ಅವಳ ಮುಂದೆ ಕುಳಿತು ಹೇಳಿ. ಹೆದರಿಸುವ ದನಿಯಲ್ಲಿ ಬೇಡ. ಲೆಕ್ಕ ಹೇಳಿದಂತೆ ಹೇಳಿ.

ಅವಳು ನಿಮ್ಮಿಂದ ಪಡೆದ ಮಾತನ್ನು ಬಿಡಿಸಿ ನೋಡಿ. ಅದರಲ್ಲಿ ಎರಡು ಮಾತುಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಡಾಕ್ಟರ ಹತ್ತಿರ ಹೋಗುವುದಿಲ್ಲ, ಗಂಡನಿಗೆ ತಿಳಿಯಬಾರದು. ಒಂದರ ಹೆಗಲ ಮೇಲೆ ಇನ್ನೊಂದು ಕುಳಿತಿದೆ. ಗಂಡನಿಗೆ ತಿಳಿಸದೆಯೇ ಡಾಕ್ಟರಿಗೆ ತೋರಿಸಬಹುದು. ನೀವು ಜೊತೆಗೆ ಹೋಗಬಹುದು. ಸಮಯ ನಿಗದಿ ಮಾಡಿಸಿ, “ಗುರುವಾರ ಹನ್ನೊಂದಕ್ಕೆ, ನಾನು ಕರೆದುಕೊಂಡು ಹೋಗುತ್ತೇನೆ” ಎನ್ನಿ. ಮಗಳ ಪ್ರವೇಶದ ಕೆಲಸ ಅರ್ಧ ದಿನ ನಿಲ್ಲುತ್ತದೆ, ನಿಲ್ಲಲಿ. ವಾರ್ಡಿನಲ್ಲಿ ನಾನು ಕಂಡ ಹೆಂಗಸರಲ್ಲಿ ತಡವಾಗಿ ಬಂದವರಲ್ಲಿ ಬಹಳ ಮಂದಿ ರೋಗಕ್ಕಿಂತ ಹೆಚ್ಚಾಗಿ ಆ ಮೊದಲ ಬಾಗಿಲಿಗೆ ಹೆದರಿದವರು. ಪಕ್ಕದಲ್ಲಿ ಒಬ್ಬರಿದ್ದರೆ ಬಾಗಿಲು ದಾಟುತ್ತಿದ್ದರು.

ಗಂಡನಿಗೆ ಹೇಳುವ ವಿಷಯದಲ್ಲಿ ಅವಸರ ಬೇಡ. “ಅವರಿಗೆ ಏಕೆ ತಿಳಿಯಬಾರದು?” ಎಂದು ಅವಳನ್ನು ಕೇಳಿದ್ದೀರಾ? ಪತ್ರದಲ್ಲಿ ಅದರ ಸುಳಿವಿಲ್ಲ. ಅವರು ಒಳ್ಳೆಯವರು ಎಂದು ನಿಮಗೆ ಕಾಣುವುದು ಹೊರಗಿನಿಂದ. ಅವಳಿಗೆ ನಾಚಿಕೆಯಿರಬಹುದು, ಅವರ ತಾಯಿಯೋ ಅಕ್ಕನೋ ಇದೇ ರೋಗದಿಂದ ಹೋಗಿದ್ದು ಅವರು ಕುಸಿದಾರು ಎಂಬ ಹೆದರಿಕೆಯಿರಬಹುದು, ನಿಮಗೆ ಹೇಳಲಾಗದ ಇನ್ನೇನೋ ಇರಬಹುದು. ಮೈ ಅವಳದು. ಅದರ ಸುದ್ದಿ ಯಾರಿಗೆ, ಯಾವಾಗ ಹೋಗಬೇಕೆಂಬ ತೀರ್ಮಾನವೂ ಅವಳದೇ. ಹತ್ತನೆಯ ತರಗತಿಯ ಹುಡುಗನಿಗೆ ನಾನು ಕೊಟ್ಟ ಉತ್ತರವನ್ನು ನಿಮಗೆ ಹಾಗೆಯೇ ಕೊಡಲಾರೆ.

ಅವಳು ಗುರುವಾರವೂ ಬರಲಿಲ್ಲ, ಮುಂದಿನ ಗುರುವಾರವೂ ಬರಲಿಲ್ಲ ಎನ್ನೋಣ. ಇಲ್ಲಿ ನಾನೂ ಬಹಳ ಹೊತ್ತು ಯೋಚಿಸಿದೆ. ಆಗ ಅವಳ ಮುಖ ನೋಡಿ ಹೇಳಿ: “ಈ ಮಾತನ್ನು ಇನ್ನು ನಾನೊಬ್ಬಳೇ ಹೊರಲಾರೆ. ನಿನ್ನವರಲ್ಲಿ ಒಬ್ಬರಿಗಾದರೂ ತಿಳಿಯಬೇಕು. ಯಾರಿಗೆ ಎಂದು ನೀನೇ ಆರಿಸು. ನಿನ್ನ ಎದುರಿಗೇ ಹೇಳುತ್ತೇನೆ.” ಅವಳು ಅಕ್ಕನ ಹೆಸರು ಹೇಳಬಹುದು, ಗಂಡನ ಹೆಸರನ್ನೇ ಹೇಳಬಹುದು. ಸಿಟ್ಟಾಗಿ ಎದ್ದು ಹೋಗಲೂಬಹುದು. ಹೋದರೆ ಮರುದಿನ ನೀವೇ ಅವಳ ಮನೆಗೆ ಹೋಗಿ. ನೀವು ಹೇಗಾದರೂ ಮಾಡಿ ಈ ಮಾತನ್ನು ಕೆಳಗಿಳಿಸಲು ಅವಳ ಬೆನ್ನು ತಿರುಗುವುದನ್ನೇ ಕಾಯುತ್ತಿದ್ದೀರಿ ಎಂದು ಅವಳಿಗೆ ಅನಿಸಬಾರದು.

ನಿಮ್ಮ ನಿದ್ದೆಯ ಬಗ್ಗೆಯೂ ಒಂದು ಮಾತು. ಮೈಕೆಲ್ ಸ್ಲೆಪಿಯನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಟ್ಟನ್ನು ಎದುರಿಗಿದ್ದವರಿಂದ ಮರೆಮಾಚುವ ಹೊತ್ತಿಗಿಂತ, ಒಂಟಿಯಾಗಿದ್ದಾಗ ಮನಸ್ಸು ಮತ್ತೆ ಮತ್ತೆ ಅದರತ್ತ ಹರಿಯುವುದೇ ಹೆಚ್ಚು, ಮನಸ್ಸಿನ ನೆಮ್ಮದಿ ಕೆಡುವುದು ಅದರಿಂದ ಎಂದು ಕಂಡುಕೊಂಡರು. ನೀವು ಆಕೆಯ ಗಂಡನೆದುರು ಮುಖ ತಗ್ಗಿಸುವುದು ವಾರಕ್ಕೊಮ್ಮೆ. ರಾತ್ರಿ ಎಚ್ಚರವಾಗಿ ಮಲಗುವುದು ಪ್ರತಿದಿನ. ಇದು ನಿಮ್ಮ ದೌರ್ಬಲ್ಯವಲ್ಲ. ಆ ಗುರುವಾರದ ಬಗ್ಗೆ ನನಗೆ ಖಂಡಿತ ಬರೆಯಿರಿ.

ಪ್ರಶ್ನೆ: ನನ್ನ ತಂಗಿ ತನ್ನ ಸಂಸಾರದ ಕಷ್ಟಗಳನ್ನು ನನ್ನೊಡನೆ ಹೇಳಿಕೊಳ್ಳುತ್ತಾಳೆ. ಗಂಡ ಹೆಂಡತಿಯ ನಡುವೆ ಮುಚ್ಚುಮರೆ ಇರಬಾರದು, ಎಲ್ಲವನ್ನೂ ನನಗೆ ಹೇಳು ಎಂದು ನನ್ನವರು ಒತ್ತಾಯಿಸುತ್ತಾರೆ. ಹೇಳದಿದ್ದರೆ, “ಹೇಗೂ ನಿಮ್ಮ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಧರ್ಮರಾಯನ ಶಾಪವೇ ಇದೆ” ಎನ್ನುತ್ತಾರೆ. ನಾನು ಹೇಳದಿರುವುದು ತಪ್ಪೇ?

ಉತ್ತರ: ತಪ್ಪಲ್ಲ. ನಿಮ್ಮ ಗುಟ್ಟುಗಳನ್ನು ಅವರೊಡನೆ ಹಂಚಿಕೊಳ್ಳಿ. ತಂಗಿಯದು ನಿಮ್ಮದಲ್ಲ, ಅವಳು ಇಟ್ಟುಕೊಳ್ಳಲು ಕೊಟ್ಟದ್ದು. “ಭಾವನಿಗೆ ಹೇಳಲೇ?” ಎಂದು ಅವಳನ್ನೇ ಕೇಳಿ. ಹ್ಞೂಂ ಎಂದರೆ ಹೇಳಿ, ಬೇಡ ಎಂದರೆ “ಅವಳು ಬೇಡವೆಂದಳು” ಎಂದು ನೇರವಾಗಿ ನಿಮ್ಮವರಿಗೆ ತಿಳಿಸಿ.

ಧರ್ಮರಾಯನ ಶಾಪದ ಮಾತು ಬಂದದ್ದರಿಂದ ನಾಲ್ಕು ಸಾಲು ಬರೆಯದೆ ಇರಲಾರೆ. ಕರ್ಣ ತನ್ನ ಮಗನೆಂದು ಕುಂತಿ ಪಾಂಡವರಿಗೆ ಹೇಳಿದ್ದು ಯುದ್ಧ ಮುಗಿದ ಮೇಲೆ, ತರ್ಪಣದ ಹೊತ್ತಿನಲ್ಲಿ. ಹೆಂಗಸರಲ್ಲಿ ಗುಟ್ಟು ನಿಲ್ಲದಿರಲಿ ಎಂದು ಧರ್ಮರಾಯ ಶಪಿಸಿದ. ಅವಳು ಬಾಯಿಬಿಟ್ಟಳೆಂದು ಶಪಿಸಿದ್ದಲ್ಲ, ಬಿಡಲಿಲ್ಲವೆಂದು ಶಪಿಸಿದ್ದು. ಅಂದರೆ ಆ ಕಥೆಯೇ ಹೆಣ್ಣೊಬ್ಬಳು ಬದುಕಿಡೀ ಗುಟ್ಟು ಕಾಯಬಲ್ಲಳು ಎಂಬುದಕ್ಕೆ ಸಾಕ್ಷಿ. ಕೃಷ್ಣನಿಗೂ ಅದು ಯುದ್ಧಕ್ಕೆ ಮೊದಲೇ ಗೊತ್ತಿತ್ತು. ಧರ್ಮರಾಯನಿಗೆ ಹೇಳಬೇಡ ಎಂದು ಕರ್ಣನೇ ಅವನನ್ನು ಕೇಳಿಕೊಂಡಿದ್ದ, ಅವನು ಹೇಳಲಿಲ್ಲ. ಆ ಇಬ್ಬರು ಗಂಡಸರ ಮೌನಕ್ಕೆ ಶಾಪ ತಗಲಲಿಲ್ಲ. ಇದನ್ನು ನಿಮ್ಮವರಿಗೆ ಓದಿ ಹೇಳಿ.

ಪ್ರಶ್ನೆ: ನನ್ನ ತಾಯಿ ತೀರಿಕೊಳ್ಳುವ ವಾರದ ಮೊದಲು ಕಪಾಟಿನಲ್ಲಿದ್ದ ಒಂಬತ್ತು ಡೈರಿಗಳನ್ನು ತೋರಿಸಿ, “ಓದದೆ ಸುಟ್ಟುಬಿಡು” ಎಂದರು. ನಾನು “ಆಗಲಿ ಅಮ್ಮ” ಎಂದೆ. ಎರಡು ವರ್ಷವಾಯಿತು. ಓದಿಲ್ಲ, ಆದರೆ ಸುಡಲೂ ಕೈ ಬರುತ್ತಿಲ್ಲ. ಅಮ್ಮನ ಕೈಬರಹ ಅಷ್ಟೂ ಅದರಲ್ಲಿದೆ. ಸತ್ತವರಿಗೆ ಏನು ತಿಳಿಯುತ್ತದೆ, ಓದೋಣ ಎನ್ನುತ್ತಾನೆ ತಮ್ಮ.

ಉತ್ತರ: ನಿಮ್ಮ ತಮ್ಮನ ಮಾತು ಹೊಸದಲ್ಲ. ವೈದ್ಯರಿಗಾಗಿ ವಿಶ್ವ ವೈದ್ಯಕೀಯ ಸಂಘ 1948ರಲ್ಲಿ ಒಪ್ಪಿಕೊಂಡ ಜಿನೀವಾ ಘೋಷಣೆಯಲ್ಲಿ, ನನ್ನನ್ನು ನಂಬಿ ಹೇಳಿದ ಗುಟ್ಟುಗಳನ್ನು ಗೌರವಿಸುತ್ತೇನೆ ಎಂದಷ್ಟೇ ಇತ್ತು. 1968ರಲ್ಲಿ ಅದಕ್ಕೆ ಇನ್ನಷ್ಟು ಪದ ಸೇರಿಸಿದರು: ರೋಗಿ ಸತ್ತ ಮೇಲೂ. ಸತ್ತವರಿಗೆ ತಿಳಿಯುತ್ತದೆಯೋ ಇಲ್ಲವೋ, ಬದುಕಿರುವವರು ನಂಬಿ ಮಾತನಾಡುವುದು ತಾವು ಹೋದ ಮೇಲೂ ಆ ಮಾತು ಉಳಿಯುತ್ತದೆ ಎಂಬ ಭರವಸೆಯ ಮೇಲೆ. ನಿಮ್ಮ ತಾಯಿ ಆ ವಾರವನ್ನು ನೆಮ್ಮದಿಯಿಂದ ಕಳೆದಿದ್ದರೆ ಅದರಲ್ಲಿ ನಿಮ್ಮ “ಆಗಲಿ”ಯ ಪಾಲೂ ಇದೆ.

ಸಾಹಿತಿ ಫ್ರಾಂಜ್ ಕಾಫ್ಕಾನ ಉದಾಹರಣೆಯನ್ನು ಯಾರಾದರೂ ನಿಮ್ಮ ಮುಂದಿಡಬಹುದು. ತನ್ನ ಕೈಬರಹಗಳನ್ನೆಲ್ಲ ಓದದೆ ಸುಡಬೇಕೆಂದು ಅವನು ಗೆಳೆಯ ಮ್ಯಾಕ್ಸ್ ಬ್ರಾಡ್‌ನಿಗೆ ಬರೆದಿಟ್ಟು 1924ರಲ್ಲಿ ತೀರಿಕೊಂಡ. ಬ್ರಾಡ್ ಸುಡಲಿಲ್ಲ, ಮರುವರ್ಷದಿಂದಲೇ ಅಚ್ಚು ಮಾಡಿಸತೊಡಗಿದ. ಜಗತ್ತಿಗೆ ಲಾಭವಾಯಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬ್ರಾಡ್ ಬರೆದುಕೊಂಡಿರುವ ಇನ್ನೊಂದು ಸಂಗತಿ. ನೀನು ಹೀಗೆ ಕೇಳಿದರೆ ನಾನು ನಡೆಸಿಕೊಡುವುದಿಲ್ಲ ಎಂದು ಅವನು ಕಾಫ್ಕಾ ಬದುಕಿದ್ದಾಗಲೇ ಅವನ ಮುಖಕ್ಕೆ ಹೇಳಿದ್ದನಂತೆ. ಅದು ನಿಜವಾದರೆ ಕಾಫ್ಕಾನಿಗೆ ಬೇರೊಬ್ಬರನ್ನು ಹುಡುಕುವ ಅವಕಾಶವಿತ್ತು. ನಿಮ್ಮ ತಾಯಿಗೆ ನೀವು ಆಗಲಿ ಎಂದಿರಿ. ಅವರು ಬೇರೆ ಯಾರನ್ನೂ ಹುಡುಕಲಿಲ್ಲ.

ಸುಟ್ಟುಬಿಡಿ. ಒಬ್ಬರೇ ಮಾಡಬೇಡಿ, ತಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈಬರಹ ಬೇಕೆನ್ನುವ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನಿಮಗೆಂದೇ ಅವರು ಬರೆದದ್ದು ಏನಾದರೂ ಇದ್ದೇ ಇರುತ್ತದೆ. ಹಳೆಯ ಪತ್ರ, ಪುಸ್ತಕದ ಮೊದಲ ಪುಟದಲ್ಲಿ ಬರೆದ ನಿಮ್ಮ ಹೆಸರು, ಮನೆಖರ್ಚಿನ ಲೆಕ್ಕದ ಚೀಟಿ. ಮೊದಲು ಅವನ್ನು ಹುಡುಕಿ ತೆಗೆದಿಡಿ. ಆಮೇಲೆ ಡೈರಿಗಳನ್ನು ಕಪಾಟಿನಿಂದ ತೆಗೆಯಿರಿ.

ಪ್ರಶ್ನೆ: ಸಹೋದ್ಯೋಗಿಯೊಬ್ಬಳು ತಾನು ವಿಚ್ಛೇದನಕ್ಕೆ ಅರ್ಜಿ ಹಾಕಿರುವುದನ್ನು ನನಗೆ ಮಾತ್ರ ಹೇಳಿದ್ದಳು. ನಿನ್ನೆ ಕಚೇರಿಯಲ್ಲಿ ಮಾತಿನ ಭರದಲ್ಲಿ ಬಾಯಿ ಜಾರಿತು. ಮೂವರು ಕೇಳಿಸಿಕೊಂಡರು. ಯಾರಿಗೂ ಹೇಳಬೇಡಿರೆಂದು ಮೂವರಿಗೂ ಕೈಮುಗಿದಿದ್ದೇನೆ. ಅವಳಿಗೆ ಇನ್ನೂ ತಿಳಿದಿಲ್ಲ. ತಿಳಿಯದಂತೆ ನೋಡಿಕೊಳ್ಳಲು ಇನ್ನೇನು ಮಾಡಲಿ?

ಉತ್ತರ: ನಿನ್ನೆ ಜಾರಿದ್ದು ಬಾಯಿ. ಅವಳಿಗೆ ತಿಳಿಯದಂತೆ ನೋಡಿಕೊಳ್ಳುವುದು ಜಾರುವಿಕೆಯಲ್ಲ, ಅದು ನೀವು ತಿಳಿದೂ ಮಾಡುವ ಎರಡನೆಯ ತಪ್ಪು. ಮೂವರಿಗೆ ಕೈಮುಗಿದಿರಿ, ಮುಗಿಯಬೇಕಾದವಳಿಗೆ ಮುಗಿಯಲಿಲ್ಲ. ಆ ಮೂವರು ಮೌನವಾಗಿದ್ದರೂ ಅವರ ನೋಟ ಬದಲಾಗಿರುತ್ತದೆ, ಅವಳು ಅದನ್ನು ಎರಡೇ ದಿನದಲ್ಲಿ ಗುರುತಿಸುತ್ತಾಳೆ.

ಇಂದು ಸಂಜೆಯೇ ಅವಳನ್ನು ಒಂಟಿಯಾಗಿ ಭೇಟಿಯಾಗಿ. ಮೆಸೇಜಿನಲ್ಲಿ ಬೇಡ. ಏನು ಹೇಳಿದಿರಿ, ಯಾರು ಯಾರು ಕೇಳಿಸಿಕೊಂಡರು, ಮೂವರ ಹೆಸರನ್ನೂ ಹೇಳಿ. ಏಕೆ ಹಾಗಾಯಿತು ಎಂಬ ವಿವರಣೆಗೆ ಇಳಿಯಬೇಡಿ. ಕ್ಷಮಿಸು ಎಂದು ಒಮ್ಮೆ ಹೇಳಿ, ಉತ್ತರಕ್ಕೆ ಕಾಯಬೇಡಿ. ಅವಳು ಅತ್ತರೆ ಅಲ್ಲೇ ಇರಿ, ಹೋಗು ಎಂದರೆ ಹೊರಡಿ. ನಾಳೆ ಬೆಳಿಗ್ಗೆ ಕಚೇರಿಗೆ ಕಾಲಿಡುವಾಗ ಯಾವ ಮೂವರ ಮುಖಕ್ಕೆ ಸಿದ್ಧಳಾಗಬೇಕು ಎಂಬುದು ಅವಳಿಗೆ ಗೊತ್ತಿರಬೇಕು.